ಅಂಟಿಕೊಂಡು ಕೂತ ಅರ್ಧ ಗಂಟೆ

ಬಾಯಿದ್ದವನು ಬರದಲ್ಲೂ ಬದುಕಿದ ಅನ್ನುತ್ತಾರೆ. ಆ ಲೆಕ್ಕಕ್ಕೆ ನಾನು ಏಳು ಬರ ದಾಟಬೇಕಾದವಳು. ನಮ್ಮೂರಲ್ಲಿ ಯಾರ ಮನೆಯಲ್ಲಿ ಜಗಳವಾದರೂ ಎರಡೂ ಕಡೆಯವರು ನನ್ನನ್ನೇ ಕರೆಯುತ್ತಿದ್ದರು, ನ್ಯಾಯ ಹೇಳಲಿಕ್ಕಲ್ಲ, ತಮ್ಮ ಪರವಾಗಿ ಬೈಯಲಿಕ್ಕೆ. ಅಂಥ ಬಾಯಿಗೇ ಕಾಯಿಲೆ ಬಂದಾಗ ಊರಿನವರು ಒಳಗೊಳಗೇ ನಕ್ಕಿರಬೇಕು ಅಂದುಕೊಂಡಿದ್ದೆ. ಪಾಪ, ಯಾರೂ ನಗಲಿಲ್ಲ. ಇಷ್ಟು ವರ್ಷದ ಮೇಲೆ ಇದನ್ನೆಲ್ಲ ಬರೆಯಲು ಕೂತಿರುವುದಕ್ಕೆ ಒಂದು ಕಾರಣವಿದೆ. ಹೋದ ತಿಂಗಳು ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. "ನನಗೊಬ್ಳಿಗೇ ಯಾಕಕ್ಕ ಹಿಂಗೆ?" ಅಂದಳು. ನಿನಗೊಬ್ಬಳಿಗೇ ಅಲ್ಲ ತಾಯಿ ಅನ್ನುವಷ್ಟರಲ್ಲಿ ಅವಳ ಹೆಸರು ಕೂಗಿದರು, ಎದ್ದು ಹೋದಳು. ಅವಳಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ನಮ್ಮದು ಮಾಗಡಿ ತಾಲ್ಲೂಕು, ಗುಡೇಮಾರನಹಳ್ಳಿಯ ಹತ್ತಿರದ ಒಂದು ಸಣ್ಣ ಊರು. ಆಗ ನಮ್ಮ ಕಡೆಯೆಲ್ಲ ರೇಷ್ಮೆಯ ಕಾಲ. ರಾಗಿ ಬೆಳೆಯುತ್ತಿದ್ದ ಹೊಲಗಳು ಹಿಪ್ಪುನೇರಳೆ ತೋಟಗಳಾಗಿದ್ದವು. ನಡುಮನೆ ಹುಳಕ್ಕೆ, ಮೂಲೆ ಮನುಷ್ಯರಿಗೆ ಅನ್ನುವ ಹಾಗಿತ್ತು ಬದುಕು. ಬಿದಿರಿನ ತಟ್ಟೆಗಳಲ್ಲಿ ಹುಳ ಸಾಕಿ, ಅವು ಗೂಡು ಕಟ್ಟಿದ ಮೇಲೆ ಬಿಡಿಸಿ, ರಾಮನಗರದ ಮಾರ್ಕೆಟ್ಟಿಗೆ ಹಾಕಿ ಬರುವಷ್ಟರಲ್ಲಿ ಮುಂದಿನ ಬೆಳೆಯ ಮೊಟ್ಟೆ ಬಂದು ಕೂತಿರುತ್ತಿತ್ತು. ಕೂಲಿಗೆ ಆಳು ಸಿಗುತ್ತಿರಲಿಲ್ಲ, ಎಲ್ಲರ ಮನೆಯಲ್ಲೂ ಹುಳವೇ. ನಮ್ಮ ಮನೆಯಲ್ಲಿ ನಾವು ಮೂವರು: ನಾನು, ನಮ್ಮ ಯಜಮಾನರು, ಅವರ ತಾಯಿ ನಿಂಗಮ್ಮ, ಅಂದರೆ ನಮ್ಮತ್ತೆ. ಯಜಮಾನರು ತೋಟ ನೋಡಿಕೊಂಡು ಸೊಪ್ಪು ಕುಯ್ದು ತರುವವರು. ಹುಳದ ಮನೆ ನನ್ನದು. ಅತ್ತೆ ಹುಳದ ಮನೆಯ ಬಾಗಿಲ ಹೊರಗೆ, ಜಗಲಿಯ ಮೇಲೆ.

ಅತ್ತೆ ಹೊರಗೆ ಇದ್ದದ್ದು ಯಾಕೆ ಅನ್ನುವುದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಹುಳದ ಮನೆಗೆ ಕೆಲವು ಕಟ್ಟುಪಾಡುಗಳಿವೆ. ಕೈಕಾಲು ತೊಳೆದೇ ಒಳಗೆ ಹೋಗಬೇಕು. ಪೌಡರು ಬಳಿದುಕೊಂಡು, ಘಮಘಮ ಎಣ್ಣೆ ಹಚ್ಚಿಕೊಂಡು ಹೋಗುವಂತಿಲ್ಲ. ಒಗ್ಗರಣೆಯ ಹೊಗೆ ಆ ಕಡೆ ಸುಳಿಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹೊಗೆಸೊಪ್ಪು ಮುಟ್ಟಿದ ಕೈ ಒಳಗೆ ಬರಬಾರದು. ಆ ಕೈ ಸೋಕಿದ ಸೊಪ್ಪು ತಿಂದರೆ ಹುಳ ತಲೆ ಎತ್ತಿ ಒದ್ದಾಡಿ, ಹಸಿರು ನೀರು ಕಾರಿ ಸಾಯುತ್ತದೆ. ನಮ್ಮತ್ತೆಯ ಸೊಂಟದಲ್ಲಿ ಸಂಚಿ, ಸಂಚಿಯಲ್ಲಿ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಮದುವೆಗೆ ಮುಂಚಿನಿಂದ ಬಂದ ಅಭ್ಯಾಸ. ನಾನು ಸೊಸೆಯಾಗಿ ಬಂದ ಮರುವರ್ಷ ನನಗೆ ಜ್ವರ ಬಂದು ಮಲಗಿದ್ದಾಗ, ಅವಸರದಲ್ಲಿ ಅವರೇ ಒಳಗೆ ಹೋಗಿ ಹುಳಕ್ಕೆ ಸೊಪ್ಪು ಹಾಕಿಬಿಟ್ಟರು. ಕೈಯನ್ನು ಸೀರೆಗೆ ಒರೆಸಿಕೊಂಡಿದ್ದರಂತೆ. ಸಂಜೆಗೆ ಒಂದು ತಟ್ಟೆಯೂ ಉಳಿಯಲಿಲ್ಲ.

ನಾನು ಎದ್ದು ಬಂದು ನೋಡಿದೆ. ಜ್ವರದ ಬಾಯಿ, ಅದೂ ನನ್ನ ಬಾಯಿ. ಬೀದಿಯವರೆಲ್ಲ ಬಂದು ನಿಂತಿರುವಾಗ, "ನಿಮ್ಮ ಕೈ ಸೇದೋಗ!" ಅಂತ ಶಪಿಸಿಬಿಟ್ಟೆ. ಅತ್ತೆ ಹಿತ್ತಿಲಿಗೆ ಹೋಗಿ ತೊಟ್ಟಿಯ ಹತ್ತಿರ ಕೂತು ಬಹಳ ಹೊತ್ತು ಕೈ ತೊಳೆಯುತ್ತಿದ್ದರು. ಅವತ್ತಿನಿಂದ ಹನ್ನೊಂದು ವರ್ಷ ಅವರು ಆ ಹೊಸಲು ದಾಟಲಿಲ್ಲ. ಜಗಲಿಯ ಮೇಲೆ ಕೂತು ಎಲೆ ಹಾಕಿಕೊಂಡು, ಒಳಗಿದ್ದ ನನ್ನ ಹತ್ತಿರ ಕೂಗಿ ಕೂಗಿ ಮಾತಾಡುತ್ತಿದ್ದರು. ನಾನೂ ಕೂಗುತ್ತಿದ್ದೆ. ಬೇರೆಯವರಿಗೆ ಜಗಳದ ಹಾಗೆ ಕೇಳಿಸುತ್ತಿತ್ತು, ನಮಗೆ ಅದೇ ಹೊತ್ತು ಕಳೆಯುವ ದಾರಿ.

ಕಾಯಿಲೆ ಶುರುವಾದದ್ದು ಬಸ್ಸಾರಿನಿಂದ. ನನಗೆ ಪ್ರಾಣವಾದ ಬಸ್ಸಾರು ಒಂದು ಮಧ್ಯಾಹ್ನ ಬಾಯಿಗೆ ಹೋದೊಡನೆ ಕೆನ್ನೆಯ ಒಳಗೆ ಕೆಂಡ ಇಟ್ಟ ಹಾಗಾಯಿತು. ಮೆಣಸಿನಕಾಯಿ ಜಾಸ್ತಿಯಾಯಿತೇನೋ ಅಂದುಕೊಂಡೆ. ಮಾರನೆಯ ದಿನ ಬರೀ ಮಜ್ಜಿಗೆಯೂ ಉರಿಯಿತು. ಕನ್ನಡಿ ಹಿಡಿದು ನೋಡಿದರೆ ಎರಡೂ ಕೆನ್ನೆಯ ಒಳಗೆ ಬಿಳಿಬಿಳಿ ಗೆರೆ. ಚಂದ್ರಿಕೆಗೆ, ಅಂದರೆ ಬಿದಿರಿನ ಸುರುಳಿ ತಟ್ಟಿಗೆ, ಬಿಟ್ಟ ಹುಳ ಗೂಡು ಕಟ್ಟುವ ಮೊದಲು ಅತ್ತಿತ್ತ ನೂಲು ಎಳೆದಿರುತ್ತದಲ್ಲ, ಹಾಗೇ. ಅದರ ನಡುವೆ ಚರ್ಮ ಸುಲಿದಂಥ ಕೆಂಪು ಹುಣ್ಣು.

"ಉಷ್ಣ ಕಣಮ್ಮಿ, ಒಸಿ ತುಪ್ಪ ಸವರ್ಕೊ," ಅಂದರು ಅತ್ತೆ. ತುಪ್ಪ ಸವರಿದೆ. ಕೊಬ್ಬರಿ ಗಸಗಸೆ ಅಗಿದೆ. ಸೀಬೆ ಚಿಗುರು ಅಗಿದೆ. ಮಾಗಡಿಯ ಡಾಕ್ಟರು ಕೊಟ್ಟ ಹಳದಿ ಮಾತ್ರೆ ಒಂದು ತಿಂಗಳು ನುಂಗಿದೆ. ಊಟಕ್ಕೆ ಕೂತರೆ ಮುದ್ದೆಯನ್ನು ಬೆಣ್ಣೆಯಲ್ಲಿ ಅದ್ದಿ ಮುರಿದು ಮುರಿದು ನುಂಗುವುದು. ಪುಣ್ಯಕ್ಕೆ ಮುದ್ದೆ ಅಗಿಯುವ ಪದಾರ್ಥ ಅಲ್ಲ. ಆರು ತಿಂಗಳಲ್ಲಿ ನನ್ನ ಬಳೆಗಳು ಮೊಣಕೈ ತನಕ ಜಾರತೊಡಗಿದವು. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ನಿಂಗೆ ಎರಡೂ ಬರಕಿಲ್ಲ," ಅಂತ ಅತ್ತೆ ಯಾವಾಗಲೂ ಛೇಡಿಸುತ್ತಿದ್ದವರು, ನಾನು ತಟ್ಟೆಯ ಮುಂದೆ ಸುಮ್ಮನೆ ಕೂತದ್ದನ್ನು ನೋಡಿದ ಮೇಲೆ ಆ ಗಾದೆ ಹೇಳುವುದನ್ನು ಬಿಟ್ಟರು. ಅದು ನನಗೆ ಹುಣ್ಣಿಗಿಂತ ಹೆಚ್ಚು ಹೆದರಿಕೆ ತಂದಿತು.

ಹೆದರಿಕೆಗೆ ಇನ್ನೊಂದು ಕಾರಣವೂ ಇತ್ತು. ನಮ್ಮ ಮಾವನವರ ತಮ್ಮ ಬಾಯಿ ಹುಣ್ಣಾಗಿ, ಕೊನೆಗೆ ನೀರೂ ಇಳಿಯದೆ ಹೋದವರು. ಅವರ ಹೆಸರನ್ನು ಯಾರೂ ಎತ್ತಲಿಲ್ಲ, ಆದರೆ ಮೂವರ ತಲೆಯಲ್ಲೂ ಅದೇ ಓಡುತ್ತಿತ್ತು. ಒಂದು ದಿನ ಯಜಮಾನರು ಸೊಪ್ಪಿನ ಹೊರೆ ಇಳಿಸಿ, "ಬೆಂಗ್ಳೂರಿಗೆ ಹೋಗವ ನಡಿ," ಅಂದರು. ನಾನು ಹುಳ ಇದೆ ಅಂದೆ. "ಹುಳ ನಾಳೆನೂ ಸಾಕಬೋದು ಕಣೆ," ಅಂದರು. ಹುಳಕ್ಕಿಂತ ನಾನು ಮೇಲು ಅಂತ ಆ ಮನುಷ್ಯ ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ, ನಾನು ಮರೆತಿಲ್ಲ.

ಬೆಂಗಳೂರಿನ ಆ ದಂತ ಆಸ್ಪತ್ರೆಯ ವರಾಂಡ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಉದ್ದನೆಯ ಮರದ ಬೆಂಚು, ಎದುರಿಗೆ ಹಲ್ಲಿನ ಚಿತ್ರ. ಬೆಂಚಿನ ತುಂಬ ಜನ, ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಎಲ್ಲರ ಕೈಯೂ ಬಾಯಿಯ ಮೇಲೆ, ಇಲ್ಲವೇ ಕೆನ್ನೆಯ ಮೇಲೆ. ನನ್ನಂಥವಳು ಕೂಡ ಅಲ್ಲಿ ಮೂರು ಗಂಟೆ ತುಟಿ ಎರಡು ಮಾಡಲಿಲ್ಲ. ಕೊನೆಗೆ ಪಕ್ಕದಲ್ಲಿದ್ದ ಒಬ್ಬ ಮುದುಕರು ತಮ್ಮ ಬಾಟಲಿಯ ನೀರು ಕೊಟ್ಟು, "ತಣ್ಣಗದೆ, ಬಾಯಾಗ್ ಇಟ್ಕಳವ್ವ, ಉರಿ ತಗ್ತದೆ," ಅಂದರು. ಅವರ ಒಂದು ಕಡೆಯ ದವಡೆಯೇ ಇರಲಿಲ್ಲ. ಆ ನೀರಿನ ತಂಪು ನನಗೆ ಈಗಲೂ ನೆನಪಿದೆ.

ಡಾಕ್ಟರು ಹೆಂಗಸು, ನನಗಿಂತ ಚಿಕ್ಕವರು. ಬಾಯೊಳಗೆ ಬೆಳಕು ಬಿಟ್ಟು ನೋಡಿ, "ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ," ಅಂದರು. ಊರಲ್ಲಿ ಎಲ್ಲರೂ ಹೇಳುತ್ತಿದ್ದ ಮಾತು: ಕತ್ತಿ ಬಿದ್ದರೆ ಹರಡುತ್ತದೆ. ಹಾಗೆಂದು ಅವರಿಗೆ ಹೇಳಿಯೂಬಿಟ್ಟೆ. ಅವರು ಬೈಯಲಿಲ್ಲ. "ಕತ್ತಿಯಿಂದ ಹರಡಲ್ಲಮ್ಮ. ತಡವಾಗಿ ಬಂದವರನ್ನ ನೋಡಿ ಜನ ಹಾಗೆ ಅಂದ್ಕೊಂಡಿರ್ತಾರೆ," ಅಂದು ನನ್ನ ಕೈ ಹಿಡಿದುಕೊಂಡರು. ಸೂಜಿ ಚುಚ್ಚುವ ತನಕ ಬಿಡಲಿಲ್ಲ.

ರಿಪೋರ್ಟಿಗೆ ಹತ್ತು ದಿನ. ಆ ಹತ್ತು ದಿನ ಹುಳಗಳೇ ನನ್ನನ್ನು ಕಾಪಾಡಿದವು. ಸೊಪ್ಪು ಹಾಕುವುದು, ಹಿಕ್ಕೆ ತೆಗೆಯುವುದು, ತಟ್ಟೆ ಬದಲಾಯಿಸುವುದು. ಯೋಚನೆ ಮಾಡಲು ಅವು ಬಿಡಬೇಕಲ್ಲ. ಹತ್ತನೆಯ ದಿನ ಡಾಕ್ಟರು ಹಾಳೆ ಓದಿ, "ಕ್ಯಾನ್ಸರ್ ಅಲ್ಲ," ಅಂದರು. ಆ ಮೇಲೆ ಹೇಳಿದ್ದು ನನ್ನ ಕಿವಿಗೆ ಹೋಗಲಿಲ್ಲ, ಎರಡನೆಯ ಸಲ ಹೇಳಿಸಿಕೊಂಡೆ. ಇದು ನಮ್ಮ ಮೈಯೇ ನಮ್ಮ ಬಾಯಿಯ ಮೇಲೆ ಮುನಿಸಿಕೊಂಡು ಮಾಡುವ ಕಾಯಿಲೆ, ಪೂರ್ತಿ ಹೋಗುವುದಿಲ್ಲ, ಹತೋಟಿಯಲ್ಲಿ ಇಡಬಹುದು. ಆದರೆ ಹುಣ್ಣನ್ನು ವರ್ಷಗಟ್ಟಲೆ ಹಸಿಯಾಗಿ ಬಿಟ್ಟರೆ ಕೆಲವರಿಗೆ ಮುಂದೆ ಕೆಟ್ಟದ್ದಕ್ಕೆ ತಿರುಗಬಹುದು. ಅದಕ್ಕೇ ಒಣಗಿಸಲೇಬೇಕು. ಹೊರಗೆ ಬಂದ ಮೇಲೆ ಯಜಮಾನರು ಬಸ್ ಸ್ಟ್ಯಾಂಡಿನ ಕಂಬದ ಹಿಂದೆ ಹೋಗಿ, ಮೂಗು ಸೀಟಿಕೊಂಡು ಬಂದು, ಎಳನೀರು ಕೊಡಿಸಿದರು. ಏನು ಕಣ್ಣು ಕೆಂಪಗಿದೆ ಅಂದರೆ, "ಧೂಳು," ಅಂದರು.

ಒಣಗಿಸಲು ಕೊಟ್ಟ ಔಷಧಿ ಒಂದು ಸಣ್ಣ ಟ್ಯೂಬು. ಹಿಂಡಿದರೆ ಅಂಟಂಟು ಮುಲಾಮು, ಲವಂಗದಂಥ ಸಣ್ಣ ವಾಸನೆ. "ಬೇರೆ ಮುಲಾಮು ಬಾಯಲ್ಲಿ ನಿಲ್ಲಲ್ಲ, ಎಂಜಲು ತೊಳೆದುಬಿಡುತ್ತೆ. ಇದು ಒಳಚರ್ಮಕ್ಕೆ ಅಂಟಿಕೊಂಡು ಕೂರುತ್ತೆ, ಔಷಧಿ ಮೆಲ್ಲಗೆ ಒಳಗೆ ಇಳಿಯುತ್ತೆ," ಅಂದು ಡಾಕ್ಟರು ತೋರಿಸಿಕೊಟ್ಟರು. ಶುಭ್ರವಾದ ಬಟ್ಟೆಯಿಂದ ಹುಣ್ಣಿನ ಜಾಗ ಒತ್ತಿ ಒಣಗಿಸಬೇಕು. ಬೆರಳ ತುದಿಯಲ್ಲಿ ಇಡಬೇಕು, ಉಜ್ಜಬಾರದು. ಆಮೇಲೆ ಅರ್ಧ ಗಂಟೆ ತಿನ್ನುವುದು, ಕುಡಿಯುವುದು, ಮಾತಾಡುವುದು ಏನೂ ಇಲ್ಲ. ದಿನಕ್ಕೆ ಮೂರು ಸಲ.

ಮನೆಗೆ ಬಂದು ಹೇಳಿದಾಗ ಅತ್ತೆಗೆ ಒಂದೇ ಸಲಕ್ಕೆ ಅರ್ಥವಾಯಿತು. ಹುಳ ಪೊರೆ ಬಿಡುವ ಮೊದಲು ಒಂದು ದಿನ ತಿನ್ನದೆ, ಅಲುಗದೆ, ತಲೆ ಎತ್ತಿಕೊಂಡು ಕೂತುಬಿಡುತ್ತದೆ. ಅದನ್ನು ನಾವು ಜ್ವರಕ್ಕೆ ಕೂರುವುದು ಅನ್ನುತ್ತೇವೆ. ಆಗ ಅದನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು. "ಜ್ವರಕ್ಕೆ ಕುಂತ ಹುಳಿನಂಗೆ ಇರ್ಬೇಕು ಅನ್ನು. ಅರ್ಧ ಗಂಟೆ ನೀನು ಸುಮ್ಕಿದ್ರೆ ಊರೇ ಒಸಿ ನಿದ್ದೆ ಮಾಡ್ತದೆ ಬುಡು," ಅಂದರು. ನಾನು ನಗಲು ಹೋಗಿ ಉರಿಯಿಂದ ಅತ್ತುಬಿಟ್ಟೆ. ಮುಂದಿನ ವಾರ ಯಜಮಾನರು ಚನ್ನಪಟ್ಟಣಕ್ಕೆ ಹೋದವರು ಕೆಂಪು ಅರಗಿನ ಹಿಡಿಯಿದ್ದ ಪುಟ್ಟ ಕನ್ನಡಿ ತಂದು, ಏನೂ ಹೇಳದೆ ಟ್ಯೂಬಿನ ಪಕ್ಕ ಇಟ್ಟರು.

ಇಷ್ಟೆಲ್ಲ ಆದ ಮೇಲೆ ಹುಣ್ಣು ಒಣಗಬೇಕಿತ್ತು. ಒಣಗಲಿಲ್ಲ. ಅದಕ್ಕೆ ಕಾರಣ ನಾನೇ, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಮೊದಲ ದಿನ ಮುಲಾಮು ಇಟ್ಟುಕೊಂಡು ಹುಳದ ಮನೆಯ ಬಾಗಿಲಿಗೆ ಬಂದೆ. ಲವಂಗದ ವಾಸನೆ ನನ್ನ ಮೂಗಿಗೇ ಬಡಿಯಿತು. ಈ ವಾಸನೆ ಹುಳಕ್ಕೆ ತಗಲಿದರೆ? ಹನ್ನೊಂದು ವರ್ಷದ ಹಿಂದಿನ ಆ ತಟ್ಟೆಗಳು ಕಣ್ಣ ಮುಂದೆ ಬಂದವು. ಸೆರಗಿನ ತುದಿಯಿಂದ ಮುಲಾಮು ಒರೆಸಿ, ಬಾಯಿ ಮುಕ್ಕಳಿಸಿ ಒಳಗೆ ಹೋದೆ. ಕೊನೆಯ ಹಂತದ ಹುಳ ಅಂದರೆ ಹಗಲೂ ರಾತ್ರಿಯೂ ಸೊಪ್ಪು, ಸೊಪ್ಪು, ಸೊಪ್ಪು. ಮಲಗುವುದೂ ಅಲ್ಲೇ. ಮುಲಾಮು ಐದು ನಿಮಿಷ ನಿಂತ ದಿನವೇ ಹೆಚ್ಚು. ಮನೆಯವರು ಕೇಳಿದರೆ ಹಚ್ಚಿಕೊಂಡೆ ಅನ್ನುತ್ತಿದ್ದೆ. ಸುಳ್ಳಲ್ಲವಲ್ಲ, ಹಚ್ಚಿಕೊಂಡೇ ಇದ್ದೆನಲ್ಲ!

ಆ ಬೆಳೆ ಮುಗಿಯಿತು. ಯಜಮಾನರು ಗೂಡು ಹಾಕಲು ರಾಮನಗರಕ್ಕೆ ಹೋದ ದಿನವೇ ನನಗೆ ಆಸ್ಪತ್ರೆಗೆ ಬರಲು ಹೇಳಿದ್ದರು. ಜೊತೆಗೆ ಅತ್ತೆ ಬಂದರು. ಡಾಕ್ಟರು ಬಾಯಿ ನೋಡಿ ಹುಬ್ಬು ಗಂಟು ಹಾಕಿಕೊಂಡರು. ತಾವೇ ಜಾಗ ಒಣಗಿಸಿ, ಮುಲಾಮು ಇಟ್ಟು, ಬೆಂಚಿನಲ್ಲಿ ಕೂರಿಸಿದರು. ಅರ್ಧ ಗಂಟೆಯ ಮೇಲೆ ಕರೆದು ನೋಡಿದರು.

"ಚೆನ್ನಾಗಿ ನಿಂತಿದೆಯಲ್ಲ. ಮನೆಯಲ್ಲಿ ಯಾಕಮ್ಮ ನಿಲ್ಲಲ್ಲ? ಹೀಗೇ ಹಸಿಯಾಗಿದ್ದರೆ ಮತ್ತೆ ಚೂರು ತೆಗೆದು ಪರೀಕ್ಷೆ ಮಾಡಬೇಕಾಗುತ್ತೆ."

"ಗೊತ್ತಿಲ್ಲ ಡಾಕ್ಟ್ರೇ," ಅಂದೆ.

ಅತ್ತೆ ಬಾಗಿಲ ಹತ್ತಿರ ನಿಂತಿದ್ದವರು ಮುಂದೆ ಬಂದರು. "ಗೊತ್ತಿಲ್ದೆ ಏನು? ಒರಸಾಕ್ತಾಳೆ ಕಣವ್ವ ಇವ್ಳು. ನಾನು ಬಾಗ್ಲಲ್ಲೇ ಕುಂತಿರ್ತೀನಿ, ದಿನಾ ನೋಡ್ತೀನಿ. ಸೆರಗಲ್ಲಿ ಒರಸ್ಕೊಂಡು ಒಳಿಕ್ಕೋಯ್ತಾಳೆ. ಹುಳ ಸತ್ತೋಯ್ತವೆ ಅಂತ ಭಯ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಡಾಕ್ಟರು ನಗಲಿಲ್ಲ. ಹುಳದ ಬಗ್ಗೆ ಎಲ್ಲವನ್ನೂ ಕೇಳಿದರು, ಹೊಗೆಸೊಪ್ಪಿನ ವಿಷಯವನ್ನೂ ಕೇಳಿದರು. "ಹುಳಕ್ಕೆ ಇದರಿಂದ ಏನಾಗುತ್ತೆ ಅಂತ ನನಗೆ ಗೊತ್ತಿಲ್ಲಮ್ಮ, ಗೊತ್ತಿದೆ ಅಂತ ಸುಳ್ಳು ಹೇಳಲ್ಲ. ಆದರೆ ನಿಮ್ಮ ಬಾಯಿಗೆ ಏನಾಗುತ್ತೆ ಅಂತ ಗೊತ್ತು. ಆ ಅರ್ಧ ಗಂಟೆ ನಿಮ್ಮ ಬದಲು ಒಳಗೆ ಹೋಗೋರು ಬೇರೆ ಯಾರೂ ಇಲ್ವಾ?"

ನಾನು ಇಲ್ಲ ಅಂದೆ. ಅತ್ತೆ ತಮ್ಮ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

ಅವತ್ತು ಸಂಜೆ ಸಂಚಿ ಕಾಣಲಿಲ್ಲ. ಕಳೆದುಹೋಯಿತೇನೋ ಅಂತ ಹುಡುಕಿದರೆ, ಬಚ್ಚಲ ಒಲೆಯಲ್ಲಿ ಅರ್ಧ ಸುಟ್ಟ ಬಟ್ಟೆಯ ತುಂಡು. ಯಜಮಾನರಿಗೆ ನಂಬಲಾಗಲಿಲ್ಲ. "ಏನವ್ವ ಇದು?" ಅಂದರು.

"ಕಬ್ಬಾಳಮ್ಮಂಗೆ ಹರಕೆ ಹೊತ್ತಿವ್ನಿ."

"ಯಾವಾಗ ಹೊತ್ತೆ? ಏನಂತ?"

"ನಿಂಗ್ಯಾಕ್ಲಾ? ಅವ್ಳಿಗೂ ನಂಗೂ ಇರೋದು ಅದು. ನಿನ್ ಕೆಲ್ಸ ನೋಡು ಹೋಗು."

ಆಮೇಲಿನ ದಿನಗಳನ್ನು ಹೇಗೆ ಹೇಳಲಿ! ಅತ್ತೆಗೆ ತಲೆನೋವು, ಕೈ ನಡುಕ, ಮೂಗಿನ ತುದಿಯಲ್ಲಿ ಸಿಟ್ಟು. ಕೋಳಿಗೆ ಬೈದರು, ಕೊಡಪಾನಕ್ಕೆ ಬೈದರು, ಸೂರ್ಯ ಬೇಗ ಹುಟ್ಟಿದ ಅಂತ ಅವನಿಗೂ ಬೈದರು. ಬಾಯಿಗೆ ಹುರಿಗಡಲೆ ಹಾಕಿಕೊಂಡು, ಅದು ಹೊಗೆಸೊಪ್ಪಲ್ಲ ಅನ್ನುವ ಸಂಕಟಕ್ಕೆ ಉಗುಳಿಬಿಡುತ್ತಿದ್ದರು. ದಿನಕ್ಕೆ ಎಷ್ಟು ಸಲ ಕೈ ತೊಳೆಯುತ್ತಿದ್ದರೋ ದೇವರಿಗೇ ಗೊತ್ತು. ಸೋಪು, ಆಮೇಲೆ ಬೂದಿ, ಆಮೇಲೆ ಹುಣಸೆಹಣ್ಣು. ಕೈ ಚರ್ಮವೆಲ್ಲ ಬಿರಿದಿತ್ತು. ಯಾಕೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಒಳಗೆ ಬನ್ನಿ ಅನ್ನಲಿಲ್ಲ. ಹುಳದ ಮೇಲಿನ ಆಸೆ ಅಂಥದು, ನಾಚಿಕೆಯಾಗುತ್ತದೆ ಹೇಳಲು. ಆ ಬೆಳೆಯಲ್ಲೂ ನಾನು ಅವಸರದಲ್ಲಿ ಮುಲಾಮು ಇಡುವುದು, ಒರೆಸುವುದು ನಡೆದೇ ಇತ್ತು. ಅತ್ತೆ ಜಗಲಿಯ ಮೇಲಿಂದ ನೋಡುವುದೂ ನಡೆದಿತ್ತು.

ನಾಲ್ಕನೆಯ ಜ್ವರ ಬಿಟ್ಟು ಎದ್ದ ಹುಳಗಳು ತಿನ್ನಲು ಶುರುಮಾಡಿದ್ದವು. ಒಂದು ಮಧ್ಯಾಹ್ನ ಮುಲಾಮು ಇಟ್ಟುಕೊಂಡು ಜಗಲಿಯಲ್ಲಿ ಕೂತೆ. ಯಜಮಾನರು ತೋಟದಲ್ಲಿದ್ದರು. ಒಳಗೆ ಹುಳ ಸೊಪ್ಪು ತಿನ್ನುವ ಸದ್ದು ಜಡಿಮಳೆಯ ಹಾಗೆ ಕೇಳಿಸುತ್ತಿತ್ತು. ಕೇಳುತ್ತಾ ಕೇಳುತ್ತಾ ಸದ್ದು ಕಮ್ಮಿಯಾಯಿತು. ಅಂದರೆ ಸೊಪ್ಪು ಮುಗಿದಿದೆ, ಹುಳ ಹಸಿದಿವೆ. ಹತ್ತು ನಿಮಿಷವೂ ಆಗಿರಲಿಲ್ಲ. ನನ್ನ ಕೈ ತಾನಾಗೇ ಸೆರಗಿನ ತುದಿ ಹಿಡಿಯಿತು.

ಅತ್ತೆ ಎದ್ದರು. ತೊಟ್ಟಿಗೆ ಹೋಗಿ ಮೊಣಕೈ ತನಕ ತೊಳೆದು, ಗಾಳಿಯಲ್ಲೇ ಆರಿಸಿಕೊಂಡು ಬಂದು ನನ್ನ ಮುಂದೆ ನಿಂತರು. ಎರಡೂ ಅಂಗೈಯನ್ನು ನನ್ನ ಮೂಗಿನ ಹತ್ತಿರ ಹಿಡಿದರು.

"ಮೂಸು," ಅಂದರು.

ನಾನು ಅವರ ಮುಖ ನೋಡಿದೆ.

"ಮೂಸಮ್ಮಿ. ಇಪ್ಪತ್ತಾರು ದಿನ ಆಯ್ತು ಮುಟ್ಟಿ. ವಾಸ್ನೆ ಐತೆ ಅಂದ್ರೆ ತಲೆ ಅಲ್ಲಾಡ್ಸು, ಹೋಗಿ ಕುಂತ್ಕತೀನಿ. ಬೇಜಾರ್ ಮಾಡ್ಕಳಕ್ಕಿಲ್ಲ."

ಮೂಸಿದೆ. ಸೋಪು, ಬೂದಿ, ಹುಣಸೆಹಣ್ಣಿನ ಹುಳಿ. ಅಷ್ಟೇ. ಬೆರಳಿನ ಸಂದಿಗಳನ್ನು ಬಿಡಿಸಿ ತೋರಿಸಿದರು, ಅಲ್ಲೂ ಏನಿಲ್ಲ. ನನಗೆ ಏನೇನೋ ಹೇಳಬೇಕಿತ್ತು. ಜೀವಮಾನದಲ್ಲಿ ಮೊದಲ ಸಲ ಹೇಳಬೇಕಾದ ಮಾತು ಬಾಯಲ್ಲಿತ್ತು, ಬಾಯಿ ತೆರೆಯುವ ಹಾಗಿರಲಿಲ್ಲ. ಎದ್ದು ಹೋಗಿ ಹುಳದ ಮನೆಯ ಬಾಗಿಲು ತೆಗೆದು, ಪಕ್ಕಕ್ಕೆ ಸರಿದು ನಿಂತೆ.

ಅತ್ತೆ ಹೊಸಲಿನ ಮೇಲೆ ಒಂದು ಗಳಿಗೆ ನಿಂತರು. ಬಗ್ಗಿ ಹೊಸಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಒಳಗೆ ಹೋದರು. ಒದ್ದೆ ಗೋಣಿಯ ಕೆಳಗಿನಿಂದ ಸೊಪ್ಪು ತೆಗೆದ ಸದ್ದು, ತಟ್ಟೆ ಎಳೆದ ಸದ್ದು. ಆಮೇಲೆ ಅವರ ದನಿ: "ತಿನ್ರವ್ವ, ತಿನ್ನಿ. ನಿಮ್ಮಜ್ಜಿ ಬಂದವ್ಳೆ." ಸ್ವಲ್ಪ ಹೊತ್ತಿಗೆ ಮತ್ತೆ ಜಡಿಮಳೆ ಶುರುವಾಯಿತು. ನಾನು ಜಗಲಿಯಲ್ಲಿ, ಅವರು ಹನ್ನೊಂದು ವರ್ಷ ಕೂತ ಜಾಗದಲ್ಲೇ ಕೂತು ಅಳುತ್ತಿದ್ದೆ. ಕಣ್ಣೀರು ತುಟಿಯ ತನಕ ಬಂದು, ಅಯ್ಯೋ ಮುಲಾಮು ನೆನೆದುಹೋದೀತು ಅಂತ ಬಾಯಿ ಇನ್ನೂ ಬಿಗಿಯಾಗಿ ಮುಚ್ಚಿಕೊಂಡೆ.

ಸಂಜೆ ಹೋಗಿ ಒಂದೊಂದೇ ತಟ್ಟೆ ನೋಡಿದೆ. ಮಾರನೆಯ ಬೆಳಿಗ್ಗೆಯೂ ನೋಡಿದೆ. ಒಂದು ಹುಳವೂ ತಲೆ ಎತ್ತಿ ಒದ್ದಾಡಿರಲಿಲ್ಲ. ಅವತ್ತಿನಿಂದ ದಿನಕ್ಕೆ ಮೂರು ಸಲ ನಾನು ಜಗಲಿಗೆ, ಅತ್ತೆ ಒಳಗೆ. ಒಳಗೆ ಹೋಗುವ ಮುಂಚೆ ಪ್ರತಿ ಸಲವೂ ಕೈ ಚಾಚುತ್ತಿದ್ದರು, ಬೇಡ ಅಂದರೂ ಬಿಡುತ್ತಿರಲಿಲ್ಲ. ಹುಳ ಬಲಿತು ಹಣ್ಣಾದವು, ಚಂದ್ರಿಕೆಗೆ ಬಿಟ್ಟ ಮೇಲೆ ಗೂಡು ಕಟ್ಟಿದವು. ಆ ಹೊತ್ತಿಗೆ ನನ್ನ ಬಲಗೆನ್ನೆ ಮಜ್ಜಿಗೆಗೆ ಉರಿಯುವುದನ್ನು ನಿಲ್ಲಿಸಿತ್ತು. ಮುಲಾಮಿನ ವಾಸನೆಯಿಂದ ಹುಳಕ್ಕೆ ಏನೂ ಆಗುವುದಿಲ್ಲ ಅಂತ ಆಮೇಲೆ ನಮಗೇ ಅನುಭವಕ್ಕೆ ಬಂತು. ಅಷ್ಟು ಹೊತ್ತಿಗೆ ನನ್ನ ಬದಲು ಒಳಗೆ ಹೋಗುವುದನ್ನು ಬಿಡಲು ಅತ್ತೆ ತಯಾರಿರಲಿಲ್ಲ, ಬಿಡಿಸಲು ನಾನೂ ತಯಾರಿರಲಿಲ್ಲ.

ಮುಂದಿನ ಭೇಟಿಗೂ ಅತ್ತೆಯೇ ಬಂದರು. ಡಾಕ್ಟರು ನನ್ನ ಬಾಯಿ ನೋಡಿ, "ಹುಣ್ಣು ಮುಚ್ಚಿಕೊಂಡಿದೆ! ಬಿಳಿ ಗೆರೆ ಹಾಗೇ ಇರುತ್ತೆ, ಇರಲಿ. ಉರಿ ಬಂದಾಗ ಮತ್ತೆ ಮುಲಾಮು, ವರ್ಷಕ್ಕೆರಡು ಸಲ ನನಗೆ ತೋರಿಸಿ," ಅಂದರು. ಅತ್ತೆಯ ಕಡೆ ತಿರುಗಿ, "ಹೇಗೆ ವಾಸಿಯಾಯಿತು ಅಜ್ಜಿ?" ಅಂದರು. ಅತ್ತೆಯ ಬದಲು ನಾನೇ ಹೇಳಿದೆ. ಎಲ್ಲ ಕೇಳಿ, ಡಾಕ್ಟರು ಬೇರೆ ಕೈಗವಸು ಹಾಕಿಕೊಂಡರು. "ಎಷ್ಟು ವರ್ಷ ಹೊಗೆಸೊಪ್ಪು ಹಾಕಿದ್ರಿ ಅಜ್ಜಿ? ಬನ್ನಿ, ನೀವೂ ಒಂದ್ಸಲ ಆ ಅನ್ನಿ."

ಅತ್ತೆ ಒಂದು ಹೆಜ್ಜೆ ಹಿಂದೆ ಸರಿದರು. "ನಂಗೇನ್ ಆಗೈತೆ? ಬ್ಯಾಡ ಬುಡವ್ವ."

ಅವರು ಹಾಗೆ ಹೆದರಿದ್ದನ್ನು ನಾನು ಕಂಡಿರಲಿಲ್ಲ. "ಅತ್ತೆ, ನನ್ ಬಾಯ್ನ ವರ್ಷದಿಂದ ನೋಡ್ತಿದ್ದೀರಿ. ನಿಮ್ದೊಂದ್ಸಲ ತೋರ್ಸಿ, ನಾನಿಲ್ವಾ," ಅಂದೆ. ಕೂತರು. ಬಾಯಿ ತೆರೆದರು. ಅವರು ಹೊಗೆಸೊಪ್ಪು ಇಟ್ಟುಕೊಳ್ಳುತ್ತಿದ್ದ ಎಡದವಡೆಯ ಸಂದಿಯಲ್ಲಿ ಬೆಳ್ಳಗೆ, ದ‍ಪ್ಪಗೆ ಒಂದು ಪಟ್ಟೆ. ನಾಲಿಗೆಗೆ ಒರಟು ತಗಲಿ ಎರಡು ವರ್ಷವಾಗಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಮಾವನ ತಮ್ಮನಿಗೂ ಶುರುವಾದದ್ದು ಹಾಗೇ ಅಂತ ಅವರಿಗೆ ಗೊತ್ತಿತ್ತು. ಅವರ ಬಾಯಿಂದಲೂ ಚೂರು ತೆಗೆದರು. ಈ ಸಲ ಕೈ ಹಿಡಿದುಕೊಂಡದ್ದು ನಾನು.

ಹತ್ತು ದಿನ ಕಾದು ಮತ್ತೆ ಅದೇ ಬೆಂಚಿಗೆ ಹೋದೆವು. ಡಾಕ್ಟರು ಹಾಳೆ ಓದಿ, "ಕೆಟ್ಟದ್ದಕ್ಕೆ ತಿರುಗಿಲ್ಲ ಅಜ್ಜಿ. ಪಟ್ಟೆ ಆಗಲೇ ತೆಳ್ಳಗಾಗ್ತಿದೆ. ಹೊಗೆಸೊಪ್ಪು ಮುಟ್ಟಲೇಬೇಡಿ, ಸರಿಹೋಗುತ್ತೆ," ಅಂದರು. ಅತ್ತೆ ಡಾಕ್ಟರಿಗೆ ಕೈ ಮುಗಿದರು. ನಾನೂ ಮುಗಿದೆ.

ಬಸ್ಸಿನಲ್ಲಿ ಕಿಟಕಿಯ ಕಡೆ ಅವರನ್ನು ಕೂರಿಸಿದೆ. ತಾವರೆಕೆರೆ ದಾಟಿದೆವು. ದೂರದಲ್ಲಿ ಸಾವನದುರ್ಗ ಕಾಣಿಸಿದಾಗ ಅತ್ತೆ ತಮ್ಮ ಕೈಯನ್ನು ನನ್ನ ಮುಖದ ಹತ್ತಿರ ತಂದರು.

"ಮೂಸು."

"ಈಗ್ಯಾಕತ್ತೆ? ಇಲ್ಲೇನ್ ಹುಳ ಐತಾ?"

"ಮೂಸು ಅಂದ್ರೆ ಮೂಸು ಮಗ. ಇನ್ನೂ ವಾಸ್ನೆ ಐತೇನೋ ಅಂತ ನಂಗೆ ಅನ್ನಿಸ್ತಾನೇ ಇರ್ತದೆ."

ಮೂಸಿದೆ. ಆಸ್ಪತ್ರೆಯ ಸೋಪಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಇಲ್ಲ ಅತ್ತೆ ಅಂದೆ. ಆ ಕೈಯನ್ನು ಬಿಡಲಿಲ್ಲ. ಅವತ್ತು ನನ್ನ ಬಾಯಲ್ಲಿ ಮುಲಾಮು ಇರಲಿಲ್ಲ, ಹುಣ್ಣೂ ಇರಲಿಲ್ಲ, ಸುಮ್ಮನಿರಲು ಯಾವ ನೆಪವೂ ಇರಲಿಲ್ಲ.

"ಅತ್ತೆ, ಅವತ್ತು ಬೀದಿಯವ್ರ ಮುಂದೆ ಈ ಕೈಗೆ ನಾನು ಹಂಗನ್ನಬಾರ್ದಿತ್ತು."

ಅತ್ತೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. "ಯಾವತ್ತು ಮಗ?" ಅಂದರು. "ನಂಗೆ ಗ್ಯಾಪ್ಕ ಇಲ್ಲ ಬುಡು."

ಮಾಗಡಿ ಬರುವ ತನಕ ಅವರ ಕೈ ನನ್ನ ಕೈಯಲ್ಲೇ ಇತ್ತು. ಇಳಿದ ಮೇಲೆ, ರಾತ್ರಿಗೆ ಬಸ್ಸಾರು ಮಾಡಲಾ ಅಂತ ಕೇಳಿದರು. ಮಾಡಿ ಅಂದೆ, ಮೆಣಸಿನಕಾಯಿ ಮಾತ್ರ ಒಸಿ ಕಮ್ಮಿ ಹಾಕಿ.